ಈಜುಕೊಳದ ಒಂಬತ್ತು ಸೆಕೆಂಡು

ಹಾರ್ಡ್ ಡಿಸ್ಕ್ ಖಾಲಿ ಇದೆ ಎಂಬ ತೀರ್ಮಾನಕ್ಕೆ ನಾನು ಅವಸರದಲ್ಲಿ ಬಂದವನಲ್ಲ. ಅದರಲ್ಲಿ ನಾನೂರಕ್ಕೂ ಹೆಚ್ಚು ಫೈಲುಗಳಿದ್ದವು, ಒಂದೊಂದೂ ಸುಮಾರು ಒಂದು ನಿಮಿಷದ್ದು. ಹೆಸರುಗಳು ವಾಹನಗಳ ನಂಬರ್ ಪ್ಲೇಟಿನಂತೆ ಬರೀ ಅಕ್ಷರ, ಅಂಕಿ. ಹನ್ನೊಂದು ಫೈಲುಗಳನ್ನು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಯಾವುದರಲ್ಲೂ ಏನೂ ಇರಲಿಲ್ಲ. ಹನ್ನೆರಡನೆಯದರಲ್ಲಿ ಏನಾದರೂ ಇದ್ದೀತು ಎಂದುಕೊಳ್ಳಲು ಕಾರಣ ಕಾಣಲಿಲ್ಲ. ಅಕ್ಕನ ಶಬ್ದ ಹಿಡಿಯುವ ಯಂತ್ರ ಯಾವಾಗಲೋ ಕೆಟ್ಟಿರಬೇಕು, ಆಗಿನ ರೆಕಾರ್ಡಿಂಗುಗಳನ್ನು ಅಳಿಸಲು ಪುರಸೊತ್ತಾಗಿಲ್ಲ ಎಂದುಕೊಂಡೆ.

ಡಿಸ್ಕ್ ಬೇಕಾಗಿದ್ದದ್ದು ಅಮ್ಮನಿಗಾಗಿ. ಅವಳ ಬಲಗಣ್ಣಿನ ಪೊರೆ ತೆಗೆಯಲು ದಿನ ಗೊತ್ತಾಗಿತ್ತು. ಒಂದು ವಾರ ಟಿವಿ ನೋಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ವಾರವೇ ಅವಳ ಧಾರಾವಾಹಿಯಲ್ಲಿ ಸೊಸೆ ನಿಜವಾಗಿ ಯಾರ ಮಗಳು ಎಂಬುದು ಬಯಲಾಗುವುದಿತ್ತು. ನಾಲ್ಕು ವರ್ಷದಿಂದ ಕಾದಿದ್ದೇನೆ, ಕಣ್ಣು ಬೇಕಾದರೆ ಮುಂದಿನ ತಿಂಗಳು ಮಾಡಿಸಿಕೊಳ್ಳುತ್ತೇನೆ ಎಂದು ಅಮ್ಮ ಪಟ್ಟು ಹಿಡಿದಳು. ರೆಕಾರ್ಡ್ ಮಾಡಿಡುತ್ತೇನೆ ಎಂದು ನಾನು ಮಾತು ಕೊಟ್ಟೆ.

ಅಕ್ಕನನ್ನು ಕೇಳಬಹುದಿತ್ತು. ಆದರೆ ಶೂಟಿಂಗ್ ಇರುವ ದಿನ ಅವಳ ಫೋನ್ ಆಫ್ ಇರುತ್ತದೆ. ಸಿನಿಮಾದಲ್ಲಿ ಶಬ್ದ ಹಿಡಿಯುವುದು ಅವಳ ಕೆಲಸ. ಉಳಿದವರ ಫೋನು ಕೂಗಿದರೆ ಬೈಯುವ ಅಧಿಕಾರ ಅವಳದೇ ಆದ್ದರಿಂದ ತನ್ನದನ್ನು ಬೆಳಿಗ್ಗೆಯೇ ಮುಚ್ಚಿಬಿಡುತ್ತಾಳೆ. ಅವಳ ಕಪಾಟಿನಲ್ಲಿ ನಾಲ್ಕು ಡಿಸ್ಕುಗಳಿದ್ದವು. ಮೂರರಲ್ಲಿ ಮಾತಿತ್ತು. ನಾಲ್ಕನೆಯದನ್ನು ಟಿವಿಯ ಬೆನ್ನಿಗೆ ಸಿಕ್ಕಿಸಿದೆ. ಈ ಸಾಧನವನ್ನು ಬಳಸಲು ಫಾರ್ಮ್ಯಾಟ್ ಮಾಡಬೇಕು, ಇದರಲ್ಲಿರುವ ಎಲ್ಲ ಮಾಹಿತಿಯೂ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂದು ಟಿವಿ ಕೇಳಿತು. ನಾನು ಎಂ.ಎ. ಮುಗಿಸಿ ಒಂದು ಮುದ್ರಣಾಲಯಕ್ಕೆ ಶಾಲಾ ಪುಸ್ತಕಗಳ ಕರಡು ತಿದ್ದಿಕೊಡುವವನು. ಆ ವಾಕ್ಯವನ್ನು ಎರಡು ಸಲ ಓದಿದೆ. ತಪ್ಪೇನೂ ಇರಲಿಲ್ಲ. ಒಪ್ಪಿದೆ.

ನಾಲ್ಕು ಕಂತು ರೆಕಾರ್ಡ್ ಆದ ಮೇಲೆ ಅಕ್ಕ ಪರವೂರಿನ ಶೂಟಿಂಗ್ ಮುಗಿಸಿ ಮನೆಗೆ ಬಂದಳು. ಕಪಾಟು ತೆರೆದಳು. ನಂತರ ಟಿವಿಯ ಹಿಂದೆ ಬಗ್ಗಿ ನೋಡಿದಳು. ನಾನು ನಡೆದದ್ದನ್ನು ಹೇಳಿದೆ, ಹನ್ನೊಂದು ಫೈಲು ಪೂರ್ತಿ ಕೇಳಿದ್ದನ್ನೂ ಸೇರಿಸಿ. ಆ ವಿವರದಿಂದ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಬರಬಹುದು ಎಂದುಕೊಂಡಿದ್ದೆ.

ಅಕ್ಕ ಕೂಗಾಡಲಿಲ್ಲ. ಟಿವಿಯ ವೈರನ್ನು ಗೋಡೆಯಿಂದಲೇ ಕಿತ್ತಳು, ಡಿಸ್ಕನ್ನು ಬಿಡಿಸಿ ಒಂದು ಕೈವಸ್ತ್ರದಲ್ಲಿ ಸುತ್ತಿದಳು.

"ಹನ್ನೊಂದು ಕೇಳಿದ್ಯಾ?" ಅಂದಳು.

"ಹ್ಞೂಂ."

"ಹನ್ನೊಂದೂ ಒಂದೇ ಥರ ಇತ್ತಾ ನಿನಗೆ?"

"ಏನೂ ಇರ್ಲಿಲ್ಲ ಅಕ್ಕ."

ಆಮೇಲೆ ಅವಳು ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ.

ಅದರಲ್ಲಿ ಏನಿತ್ತು ಎಂದು ಅವಳು ಅಮ್ಮನಿಗೆ ಹೇಳಿದಳು. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಕೂತಿದ್ದ ನಾನು ಕೇಳಿಸಿಕೊಂಡೆ. ಯಾವುದೇ ಕೋಣೆಯಲ್ಲಿ ದೃಶ್ಯ ತೆಗೆದು ಮುಗಿದ ಮೇಲೆ ಅಕ್ಕ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸುತ್ತಾಳೆ. ನಟರು, ಲೈಟಿನವರು, ಕಾಫಿ ಕೊಡುವವರು, ಒಂದು ನಿಮಿಷ ಯಾರೂ ಮಿಸುಕಬಾರದು. ಆ ಒಂದು ನಿಮಿಷ ಕೋಣೆಯ ನಿಶ್ಶಬ್ದವನ್ನು ರೆಕಾರ್ಡ್ ಮಾಡುತ್ತಾಳೆ. ಇದಕ್ಕೇ ಅವಳಿಗೆ ಸೆಟ್ಟಿನಲ್ಲಿ 'ಶ್ ಮೇಡಂ' ಎಂಬ ಹೆಸರು. ಸಿನಿಮಾದಲ್ಲಿ ಒಂದು ಮಾತನ್ನು ಕತ್ತರಿಸಿ ಇನ್ನೊಂದಕ್ಕೆ ಅಂಟಿಸುವಾಗ ನಡುವೆ ತೂತು ಬೀಳುತ್ತದೆ. ಆ ತೂತನ್ನು ಅದೇ ಕೋಣೆಯ ನಿಶ್ಶಬ್ದದಿಂದ ತುಂಬದಿದ್ದರೆ ನೋಡುವವರ ಕಿವಿ ಮೆಟ್ಟಿಲು ತಪ್ಪಿದಂತೆ ಮುಗ್ಗರಿಸುತ್ತದಂತೆ. ಒಂದು ಕೋಣೆಯದು ಇನ್ನೊಂದಕ್ಕೆ ಹೊಂದುವುದಿಲ್ಲ. ಇದನ್ನು ಅವಳು ಒಂಬತ್ತು ವರ್ಷದಿಂದ ಕಂಡವರಿಗೆಲ್ಲ ಹೇಳುತ್ತ ಬಂದಿದ್ದಾಳೆ. ನನಗೂ ಹೇಳಿದ್ದಳಂತೆ. ನಾನು ಆಗ ಓದುತ್ತಿದ್ದೆನಂತೆ.

ಬೇರೆ ಶಬ್ದದವರು ರೆಕಾರ್ಡ್ ಮಾಡುವ ಮುನ್ನ ಇದು ಇಂಥ ಕೋಣೆ ಎಂದು ಬಾಯಲ್ಲಿ ಹೇಳುತ್ತಾರಂತೆ. ಅಕ್ಕ ಹೇಳುವುದಿಲ್ಲ. ಮನುಷ್ಯರ ದನಿ ಕೋಣೆಯಿಂದ ಪೂರ್ತಿ ಹೊರಗೆ ಹೋಗಲು ಹೊತ್ತು ಬೇಕು, ಅಷ್ಟರಲ್ಲಿ ಆ ನಿಮಿಷ ಕೆಟ್ಟಿರುತ್ತದೆ ಎನ್ನುವುದು ಅವಳ ನಂಬಿಕೆ. ಅವಳ ಪಾಲಿಗೆ ಕೋಣೆಯ ಗುರುತು ಫೈಲಿನ ಹೆಸರಿನಲ್ಲಿ ಮಾತ್ರ. ಫಾರ್ಮ್ಯಾಟ್ ಮೊದಲು ನುಂಗುವುದು ಹೆಸರನ್ನೇ.

ನಾನೂರು ಕೋಣೆಗಳಲ್ಲಿ ಈಗ ಬೇಕಾಗಿದ್ದದ್ದು ಒಂದು. ಒಂಬತ್ತು ವರ್ಷ ಬೇರೆಯವರ ಕೈಕೆಳಗೆ ಮೈಕಿನ ಕೋಲು ಹಿಡಿದು ನಿಂತ ಮೇಲೆ ಅಕ್ಕನಿಗೆ ಮೊದಲ ಸಲ ಒಂದು ಇಡೀ ಸಿನಿಮಾದ ಶಬ್ದ ಒಪ್ಪಿಸಿದ್ದರು. ಅದರಲ್ಲಿ ಹನ್ನೊಂದು ನಿಮಿಷದ ಒಂದು ದೃಶ್ಯ. ನೀರು ಖಾಲಿ ಮಾಡಿದ ಹಳೆಯ ಒಳಾಂಗಣ ಈಜುಕೊಳದ ಅಂಚಿನಲ್ಲಿ ಈಜು ಕಲಿಸುತ್ತಿದ್ದ ಮುದುಕ ಮತ್ತು ಅವನ ಮಗಳು ಕೂತಿರುತ್ತಾರೆ. ಹನ್ನೊಂದು ನಿಮಿಷದಲ್ಲಿ ಮಾತು ನಾಲ್ಕು ನಿಮಿಷದ್ದು. ನಿರ್ದೇಶಕರಿಗೆ ಮಾತಿಗಿಂತ ಮಾತಿನ ನಡುವಿನ ಜಾಗ ಇಷ್ಟ. ಶೂಟಿಂಗ್ ಮುಗಿದ ತಿಂಗಳಲ್ಲೇ ಆ ಕಟ್ಟಡ ಕೆಡವಿ ನೆಲ ಸಮ ಮಾಡಿದ್ದರು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ.

ಎಡಿಟರ್ ಬಳಿ ಒಂದು ಪ್ರತಿ ಇರಬೇಕಿತ್ತು. ಅಕ್ಕ ಫೋನ್ ಮಾಡಿದಳು. ಅವು ಖಾಲಿ ಫೈಲುಗಳಲ್ಲವೇ ಮೇಡಂ, ಸುಮ್ಮನೆ ಜಾಗ ತಿನ್ನುತ್ತಿದ್ದವು ಎಂದು ತೆಗೆದುಹಾಕಿದೆವು ಎಂದು ಆ ಕಡೆಯಿಂದ ಹೇಳಿದರು. ನನಗೆ ಒಳಗೊಳಗೇ ಸ್ವಲ್ಪ ಸಮಾಧಾನವಾಯಿತು. ಮುಖದಲ್ಲಿ ತೋರಿಸಲಿಲ್ಲ.

ಆ ದೃಶ್ಯದ ಶಬ್ದ ಜೋಡಣೆಗೆ ಒಂಬತ್ತು ದಿನ ಉಳಿದಿತ್ತು. ನಟರು ಮಾತಾಡಿದ ರೆಕಾರ್ಡಿಂಗುಗಳಲ್ಲೇ ನಡುನಡುವೆ ಇರುವ ನಿಶ್ಶಬ್ದ ಹೆಕ್ಕಬಾರದೇ ಎಂದು ಅಮ್ಮ ಕೇಳಿದಳು. ಅದರಲ್ಲಿ ನಟರು ಇರುತ್ತಾರೆ ಎಂದಳು ಅಕ್ಕ. ಉಸಿರು, ಬಟ್ಟೆ ಸರಬರ. ಆ ಮುದುಕ ನಟನ ಮಂಡಿ ಬೇರೆ ಕೂತಲ್ಲೇ ಲಟಕ್ಕೆನ್ನುತ್ತಿತ್ತಂತೆ. ನಿರ್ದೇಶಕರಿಗೂ ಅವಳು ವಿಷಯ ತಿಳಿಸಿದಳು. ಅವರು ಬಹಳ ಮರ್ಯಾದೆಯಿಂದ ಮಾತಾಡಿದರಂತೆ. ಈಜುಕೊಳದ ದೃಶ್ಯ ಸರಿಬರದಿದ್ದರೆ ಇಡೀ ಸಿನಿಮಾದ ಶಬ್ದವನ್ನು ಇನ್ನೊಬ್ಬ ಹಿರಿಯರಿಗೆ ಒಪ್ಪಿಸಬೇಕಾಗುತ್ತದೆ, ನಿಮಗೇನೂ ಬೇಜಾರಿಲ್ಲ ತಾನೇ ಎಂದರಂತೆ. ಬೇಜಾರಿಲ್ಲ ಎಂದು ಅಕ್ಕ ಹೇಳಿದಳಂತೆ. ಇದನ್ನು ಅಮ್ಮನಿಗೆ ಹೇಳುವಾಗ ಅಕ್ಕ ಒಂದೇ ತಟ್ಟೆಯನ್ನು ಮೂರು ಸಲ ತೊಳೆದಳು.

ಡಿಸ್ಕನ್ನು ಕೈವಸ್ತ್ರದ ಸಮೇತ ನನ್ನ ಮುಂದಿಟ್ಟು ಅವಳು ಅಮ್ಮನ ಕಡೆ ತಿರುಗಿದಳು. ನಾಳೆ ತನಗೆ ಬೇರೆ ಶೂಟಿಂಗ್ ಇದೆ, ಇದನ್ನು ರಿಪೇರಿಯವನ ಹತ್ತಿರ ಒಯ್ಯಲು ಅವನಿಗೆ ಹೇಳು ಎಂದಳು. ಅಮ್ಮ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು.

"ಆಪರೇಷನ್ ಆಗಿರೋದು ನನ್ನ ಕಣ್ಣಿಗೆ," ಎಂದಳು ಅಮ್ಮ. "ನಿಮ್ಮಿಬ್ಬರಿಗೇನು ಬಾಯಿಗಾಗಿದ್ಯಾ?"

ಆದರೂ ಅಮ್ಮ ನನಗೆ ಹೇಳಿದಳು. ನಾನು ಒಯ್ದೆ.

ಅಳಿದ ಫೈಲುಗಳನ್ನು ಎತ್ತಿಕೊಡುವವನ ಅಂಗಡಿ ಒಂದು ಲಾಂಡ್ರಿಯ ಮೇಲಿತ್ತು. ಕೆಳಗೆ ಯಂತ್ರಗಳು ತಿರುಗುವಾಗ ಅವನ ಮೇಜಿನ ಮೇಲಿನ ಸ್ಕ್ರೂಗಳು ನಿಧಾನವಾಗಿ ಒಂದು ಮೂಲೆಗೆ ಸರಿಯುತ್ತಿದ್ದವು. ಅವನು ಆಗಾಗ ಅವನ್ನು ಅಂಗೈಯಿಂದ ನಡುವಿಗೆ ತಳ್ಳುತ್ತಿದ್ದ. ಗಿರಾಕಿಗಳು ಅವನನ್ನು 'ನೋಡೋಣ' ಎಂದು ಕರೆಯುತ್ತಿದ್ದರು. ಸಿಗುತ್ತದೆಯೇ, ಎಷ್ಟು ದಿನ ಬೇಕು, ನಮ್ಮ ತಪ್ಪೇ, ಏನು ಕೇಳಿದರೂ ಅವನ ಉತ್ತರ ಅದೊಂದೇ.

ಅವನು ಮೊದಲು ಕೇಳಿದ್ದು ಡಾಕ್ಟರು ಕೇಳುವಂಥ ಪ್ರಶ್ನೆ. ಫಾರ್ಮ್ಯಾಟ್ ಆದ ಮೇಲೆ ಇದರ ಮೇಲೆ ಏನಾದರೂ ಬರೆದಿರಾ ಎಂದ. ನಾಲ್ಕು ಕಂತು ಧಾರಾವಾಹಿ ಎಂದೆ. ಅವನು ಪೆನ್ನು ಕೆಳಗಿಟ್ಟು, ಜಾಹೀರಾತು ಸೇರಿಸಿಯೇ ಎಂದು ವಿಚಾರಿಸಿದ. ಸೇರಿಸಿ ಎಂದೆ.

ಅವನು ವಿವರಿಸಿದ್ದು ಸರಳವಾಗಿತ್ತು. ಫಾರ್ಮ್ಯಾಟ್ ಮಾಡಿದರೆ ಪುಸ್ತಕ ಸುಟ್ಟುಹೋಗುವುದಿಲ್ಲ, ವಿಷಯಸೂಚಿಯ ಹಾಳೆ ಮಾತ್ರ ಹರಿದುಹೋಗುತ್ತದೆ. ಒಳಗಿನ ಪುಟಗಳು ಇದ್ದಲ್ಲೇ ಇರುತ್ತವೆ, ಯಾವುದು ಎಲ್ಲಿದೆ ಎಂದು ಹೇಳುವವರು ಇರುವುದಿಲ್ಲ ಅಷ್ಟೆ. ಹೊಸದಾಗಿ ಬರೆದರೆ ಮಾತ್ರ ಹಳೆಯ ಪುಟದ ಮೇಲೆಯೇ ಅಕ್ಷರ ಬೀಳುತ್ತದೆ, ಅದು ಮತ್ತೆ ಬರುವುದಿಲ್ಲ. ಮೂಲ ಡಿಸ್ಕನ್ನು ತಾನು ಮುಟ್ಟುವುದಿಲ್ಲ, ಅದನ್ನು ಇಡಿಯಾಗಿ ಇನ್ನೊಂದಕ್ಕೆ ನಕಲು ಮಾಡಿ ಆ ನಕಲಿನಲ್ಲಿ ಹುಡುಕುತ್ತೇನೆ ಎಂದ. ಕೆಲಸ ಗೊತ್ತಿದ್ದವನ ಮಾತು. ಸಿಗುತ್ತದೆಯೇ ಎಂದು ಕೇಳಿದೆ.

"ನೋಡೋಣ," ಎಂದ.

ಮನೆಗೆ ಬಂದು ವರದಿ ಒಪ್ಪಿಸಿದೆ. ಧಾರಾವಾಹಿಯ ನಾಲ್ಕು ಕಂತು ಸುರಕ್ಷಿತವಾಗಿದೆ ತಾನೇ ಎಂದು ಅಮ್ಮ ಮೆಲ್ಲಗೆ ಕೇಳಿದಳು. ಅವು ಬಹಳ ಚೆನ್ನಾಗಿವೆ ಎಂದೆ. ಅಕ್ಕ ಎದ್ದು ಒಳಗೆ ಹೋದಳು.

ಮೂರನೆಯ ದಿನ ನೋಡೋಣ ಫೋನ್ ಮಾಡಿ ಕರೆಸಿಕೊಂಡ. ಮುಖ ಬಾಡಿತ್ತು. ಡಿಸ್ಕಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹುಡುಕಿದ್ದೇನೆ, ಫೈಲುಗಳೇನೋ ಸಿಕ್ಕಿವೆ, ಆದರೆ ಎಲ್ಲವೂ ಸತ್ತಿವೆ ಎಂದ. ಪರದೆಯ ಮೇಲೆ ಒಂದೊಂದೇ ತೆರೆದು ತೋರಿಸಿದ. ಧ್ವನಿಯ ಏರಿಳಿತ ಕಾಣಬೇಕಾದ ಕಡೆ ಚಪ್ಪಟೆ ಗೆರೆ. ಅವನ ವೃತ್ತಿಯಲ್ಲಿ ಚಪ್ಪಟೆ ಗೆರೆ ಬಂದರೆ ಎತ್ತುವ ಕೆಲಸ ವಿಫಲವಾಯಿತು ಎಂದೇ ಲೆಕ್ಕ, ಆ ಫೈಲನ್ನು ಗಿರಾಕಿಗೆ ಕೊಡುವುದೂ ಇಲ್ಲ, ಕಸದ ಬುಟ್ಟಿಗೆ ಎಸೆಯುತ್ತಾನೆ. ಇಪ್ಪತ್ತು ವರ್ಷದಲ್ಲಿ ಇಷ್ಟೊಂದು ಸಾವು ಒಟ್ಟಿಗೆ ನೋಡಿಲ್ಲ ಎಂದ.

"ಎಷ್ಟು ಎಸೆದ್ರಿ?" ಎಂದೆ.

"ಎಲ್ಲಾನೂ. ಖಾಲಿ ಇಟ್ಕೊಂಡು ಏನ್ಮಾಡ್ಲಿ?"

"ನಮಗೆ ಖಾಲಿನೇ ಬೇಕು."

ಅವನು ಸ್ಕ್ರೂಗಳನ್ನು ನಡುವಿಗೆ ತಳ್ಳುವುದನ್ನು ನಿಲ್ಲಿಸಿದ. ಅಕ್ಕ ಅಮ್ಮನಿಗೆ ಹೇಳಿದ್ದನ್ನು ನಾನು ಅವನಿಗೆ ಹೇಳಿದೆ. ನನ್ನ ಬಾಯಲ್ಲಿ ಅದು ಅಷ್ಟೊಂದು ನಂಬುವ ಹಾಗಿರಲಿಲ್ಲ. ಆದರೂ ಅವನು ಎದ್ದು ಹುಡುಕಾಟವನ್ನು ಮೊದಲಿನಿಂದ ಶುರು ಮಾಡಿದ. ಇನ್ನೂ ಒಂದೂವರೆ ದಿನ ಹಿಡಿಯಿತು.

ಒಟ್ಟು ಮುನ್ನೂರ ತೊಂಬತ್ತಾರು ಫೈಲು ಬಂದವು. ಹೆಸರಿಲ್ಲ, ತಾರೀಖಿಲ್ಲ. ಒಂದರಿಂದ ಮುನ್ನೂರ ತೊಂಬತ್ತಾರರವರೆಗೆ ಕ್ರಮಸಂಖ್ಯೆ, ಅದೂ ನೋಡೋಣ ಕೊಟ್ಟದ್ದು. ಉಳಿದವು ಧಾರಾವಾಹಿಯ ಅಡಿಗೆ ಬಿದ್ದಿದ್ದವು. ಈಜುಕೊಳ ಯಾವ ಕಡೆ ಇದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಕೇಳಿ ಗುರುತಿಸಬೇಕು, ಬೇರೆ ದಾರಿಯಿಲ್ಲ. ಅಕ್ಕನಿಗೆ ಹಗಲಿಡೀ ಒಂದು ಸೋಪಿನ ಜಾಹೀರಾತಿನ ಕೆಲಸವಿತ್ತು. ಜೋಡಣೆಗೆ ನಾಲ್ಕು ದಿನ ಉಳಿದಿತ್ತು. ಮೊದಲ ಸುತ್ತಿಗೆ ನಾನು ಕೂರುತ್ತೇನೆ ಎಂದು ಅಮ್ಮನ ಮೂಲಕ ಹೇಳಿ ಕಳಿಸಿದೆ. ಅಕ್ಕ ತನ್ನ ಒಳ್ಳೆಯ ಹೆಡ್‌ಫೋನನ್ನು ಅಮ್ಮನ ಮೂಲಕ ಕಳಿಸಿದಳು. ಅಮ್ಮ ಅದನ್ನು ಎರಡು ಹೆಜ್ಜೆ ದಾಟಿಸಿದಳು.

ಮೊದಲ ನಲವತ್ತು ಫೈಲುಗಳಲ್ಲಿ ನನಗೆ ಮತ್ತೆ ಏನೂ ಕೇಳಲಿಲ್ಲ. ಹಾಳೆಯಲ್ಲಿ ಕ್ರಮಸಂಖ್ಯೆ ಬರೆದು ಮುಂದೆ ಅಡ್ಡಗೆರೆ ಎಳೆಯುತ್ತಾ ಹೋದೆ. ಐವತ್ತರ ಸುಮಾರಿಗೆ ಒಂದರಲ್ಲಿ ಫ್ರಿಜ್ ಇದೆ ಅನ್ನಿಸಿತು. ಹಿಂದೆ ಹೋಗಿ ಕೇಳಿದೆ, ಇತ್ತು. ಅದರ ಹಿಂದಿನದರಲ್ಲಿ ಇರಲಿಲ್ಲ. ಹಾಗಾದರೆ ಅದರಲ್ಲಿ ಏನಿತ್ತು ಎಂದು ಮತ್ತೆ ಹಾಕಿದೆ. ಕಿಟಕಿ ತೆರೆದಿತ್ತು. ಅದು ಹೇಗೆ ಗೊತ್ತಾಯಿತೆಂದು ಕೇಳಿದರೆ ಹೇಳಲಾರೆ. ಗೋಡೆ ಒಂದು ಕಡೆ ಇರಲಿಲ್ಲ, ಅಷ್ಟೆ. ಆಮೇಲೆ ಅಡ್ಡಗೆರೆಗಳನ್ನೆಲ್ಲ ಹೊಡೆದುಹಾಕಿ ಒಂದರಿಂದ ಶುರು ಮಾಡಿದೆ.

ನನ್ನ ಪಟ್ಟಿ ಹೀಗಿತ್ತು. ೩೧: ಸಣ್ಣ ಕೋಣೆ, ತುಂಬ ಬಟ್ಟೆ. ೭೭: ದೊಡ್ಡದು, ಯಾರಿಗೋ ನೆಗಡಿ. ೧೦೨: ಮರದ ನೆಲ, ಒಬ್ಬರು ಕಾಲು ಬದಲಿಸಿದರು. ೧೪೦: ಎಲ್ಲರಿಗೂ ಹಸಿವು. ಇದನ್ನು ಅಡುಗೆ ಮೇಜಿನ ಮೇಲೆ ಇಡುತ್ತಿದ್ದೆ. ಬೆಳಿಗ್ಗೆ ಅಕ್ಕ ಚಹಾ ಕುಡಿಯುತ್ತಾ, ಫೈಲುಗಳನ್ನು ಒಮ್ಮೆ ಹಾಕಿ ಕೇಳಿ, ನಾನು ಕರಡು ತಿದ್ದುವ ಕೆಂಪು ಪೆನ್ನಿನಿಂದಲೇ ಪಕ್ಕದಲ್ಲಿ ಬರೆಯುತ್ತಿದ್ದಳು. ೩೧ರ ಮುಂದೆ 'ದರ್ಜಿ ಅಂಗಡಿ, ಸರಿ'. ೭೭ರ ಮುಂದೆ 'ನೆಗಡಿ ಲೈಟಿನವನದು, ಆದ್ದರಿಂದ ಕಾಲೇಜು ಕಾರಿಡಾರ್'. ೧೪೦ರ ಮುಂದೆ 'ಹಸಿವಲ್ಲ, ನೀರಿನ ಪೈಪು'. ಕೆಲವು ಕಡೆ ಬರೀ 'ಅಲ್ಲ' ಎಂದಿರುತ್ತಿತ್ತು. ನಾನು ಹದಿನೈದು ಪುಟದ ಇತಿಹಾಸ ಪಾಠ ತಿದ್ದಿದಾಗಲೂ ಲೇಖಕರಿಗೆ ಅಷ್ಟು ಚುಟುಕಾಗಿ ಬರೆದವನಲ್ಲ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನನಗೆ ಒಂದು ಸಂಗತಿ ಹೊಳೆಯಿತು. ಈ ಎಲ್ಲ ನಿಮಿಷಗಳಲ್ಲಿ ಅಕ್ಕ ಇದ್ದಾಳೆ. ಒಂಬತ್ತು ವರ್ಷ ಪ್ರತಿ ಕೋಣೆಯಲ್ಲೂ, ಮೈಕಿನ ಹಿಂದೆ, ಉಸಿರು ಹಿಡಿದುಕೊಂಡು. ಅವಳದು ಮಾತ್ರ ಎಲ್ಲಿಯೂ ಕೇಳಿಸುವುದಿಲ್ಲ. ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಕೂತೆ. ನಮ್ಮ ಮನೆಯಲ್ಲಿಯೂ ಆಗ ಯಾರೂ ಮಾತಾಡುತ್ತಿರಲಿಲ್ಲ. ಅದನ್ನು ಕೇಳಿಸಿಕೊಂಡೆ. ಅಮ್ಮ ಪಟ್ಟಿಯ ಕೆಳಗೆ ಕಣ್ಣು ಕೆರೆಯಬಾರದೆಂದು ಕೈಯನ್ನು ತೊಡೆಯ ಅಡಿಗೆ ಇಟ್ಟುಕೊಂಡು ಕೂತಿದ್ದಳು. ಅದೂ ಕೇಳಿಸಿತು.

ಈಜುಕೊಳ ಸಿಕ್ಕಿದ್ದು ೩೮೧ರಲ್ಲಿ. ಹಾಕಿದ ಕೂಡಲೇ ಗೊತ್ತಾಯಿತು. ನಾನು ಆ ಜಾಗಕ್ಕೆ ಹೋದವನಲ್ಲ. ಆದರೂ ಟೈಲ್ಸ್ ಬಿಲ್ಲೆ ಹಚ್ಚಿದ ದೊಡ್ಡದೊಂದು ಗುಂಡಿ ಬಾಯಿ ತೆರೆದುಕೊಂಡಿರುವುದು ಕಿವಿಗೆ ಕಂಡಿತು. ನಾಲ್ಕನೆಯ ಸೆಕೆಂಡಿನಲ್ಲಿ ಎಲ್ಲೋ ದೂರದಲ್ಲಿ ಒಂದು ಹನಿ ಬಿತ್ತು. ಒಂಬತ್ತನೆಯ ಸೆಕೆಂಡು ಮುಗಿದ ಕೂಡಲೇ ತಗಡಿನ ಮೇಲೆ ಕಲ್ಲು ಸುರಿದಂಥ ಗದ್ದಲ ಶುರುವಾಗಿ ಕೊನೆಯವರೆಗೂ ಹಾಗೇ ಇತ್ತು. ನೋಡೋಣನಿಗೆ ಫೋನ್ ಮಾಡಿದೆ. ಒಂಬತ್ತು ಸೆಕೆಂಡಿನ ನಂತರದ ಜಾಗದಲ್ಲಿ ಧಾರಾವಾಹಿ ಕೂತಿದೆ, ಅಲ್ಲಿಂದ ಮುಂದೆ ತನ್ನಿಂದ ಆಗುವುದಿಲ್ಲ ಎಂದ. ನೋಡೋಣ ಎನ್ನಲಿಲ್ಲ. ಅದರಿಂದಲೇ ನನಗೆ ಖಾತ್ರಿಯಾಯಿತು.

ಅಕ್ಕ ಅಂದು ಸಂಜೆ ಬಂದು ಚಪ್ಪಲಿ ಬಿಚ್ಚುವ ಮೊದಲೇ ಕೇಳಿದಳು. ಒಂಬತ್ತು ಸೆಕೆಂಡನ್ನು ಒಂದರ ಹಿಂದೆ ಒಂದು ಜೋಡಿಸಿ ನೋಡಿದಳು. ಹನಿ ಪ್ರತಿ ಒಂಬತ್ತು ಸೆಕೆಂಡಿಗೊಮ್ಮೆ ಬೀಳತೊಡಗಿತು, ಗೋಡೆ ಗಡಿಯಾರದ ಹಾಗೆ. ಹನಿಯನ್ನು ಕತ್ತರಿಸಿ ನೋಡಿದಳು. ಹನಿಯ ಹಿಂದೆ ಅದರ ಪ್ರತಿಧ್ವನಿ ಬಹಳ ಹೊತ್ತು ಓಡಾಡುತ್ತಿತ್ತು, ಅದನ್ನೂ ಕತ್ತರಿಸಿದರೆ ಉಳಿದದ್ದು ಮೂರು ಸೆಕೆಂಡು. ಮೂರು ಸೆಕೆಂಡಿನಿಂದ ಏಳು ನಿಮಿಷ ತುಂಬಲು ಹೋದಾಗ ಈಜುಕೊಳ ಗುರುಗುಟ್ಟಿತು. ಅಕ್ಕ ಹೆಡ್‌ಫೋನ್ ಕೆಳಗಿಟ್ಟು ಗೋಡೆ ನೋಡುತ್ತಾ ಕೂತಳು.

ನಾನು ಪಟ್ಟಿಯನ್ನು ಅವಳ ಕಡೆ ತಳ್ಳಿ ೨೮೮ರ ಮೇಲೆ ಬೆರಳಿಟ್ಟೆ. ಅದರ ಮುಂದೆ ನಾನು 'ದೊಡ್ಡದು, ಬಿಲ್ಲೆಗಳು, ಬಹುಶಃ ನೀರಿಲ್ಲ' ಎಂದು ಬರೆದಿದ್ದೆ. ಅವಳ ಕೆಂಪು ಅಕ್ಷರದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಇತ್ತು. ಅದೊಂದೇ ಅವಳಿಗೂ ಗುರುತು ಸಿಗದ ಕೋಣೆ. ಯಾವುದಾದರೂ ಆಸ್ಪತ್ರೆಯ ಬಟ್ಟೆ ಒಗೆಯುವ ಹಾಲ್ ಇರಬಹುದು, ಮಾಂಸದ ಮಾರುಕಟ್ಟೆ ಇರಬಹುದು. ಅರವತ್ತೆರಡು ಸೆಕೆಂಡು, ಒಂದು ಕೆಮ್ಮಿಲ್ಲ, ಒಂದು ಹನಿಯಿಲ್ಲ.

ಅಕ್ಕ ಅದನ್ನು ಮೂರು ಸಲ ಕೇಳಿದಳು.

"ಇದು ಈಜುಕೊಳ ಅಲ್ಲ," ಎಂದಳು. ಸುಮಾರು ಒಂದು ವಾರದ ಮೇಲೆ ನೇರವಾಗಿ ನನಗೆ ಹೇಳಿದ ಮೊದಲ ಮಾತು.

"ಅಲ್ಲ."

"ಒಂದರದ್ದು ಇನ್ನೊಂದಕ್ಕೆ ಬರಲ್ಲ ಕಣೋ."

ಅವಳು ನಾಲ್ಕನೆಯ ಸಲ ಹಾಕಿದಳು. ಆಮೇಲೆ ದೃಶ್ಯವನ್ನು ತೆರೆದು ಮೊದಲ ತೂತಿಗೆ ಅದನ್ನಿಟ್ಟಳು. ಕಿವಿ ಮುಗ್ಗರಿಸಲಿಲ್ಲ. ಎರಡನೆಯದಕ್ಕಿಟ್ಟಳು. ಮರುದಿನ ಸೋಪಿನವರಿಗೆ ಜ್ವರ ಎಂದು ಹೇಳಿ ಮನೆಯಲ್ಲಿ ಉಳಿದಳು, ಅದರ ಮರುದಿನವೂ. ನಲವತ್ತಮೂರು ತೂತುಗಳಲ್ಲಿ ನಲವತ್ತೆರಡನ್ನು ೨೮೮ರಿಂದ ತುಂಬಿದಳು. ಒಂದೇ ಒಂದು ಕಡೆ ಸಾಚಾ ಒಂಬತ್ತು ಸೆಕೆಂಡನ್ನು ಇಟ್ಟಳು. ಅದು ದೃಶ್ಯದ ಮುಖ್ಯ ಜಾಗ. ನಿನಗೆ ನಿಜವಾಗಿ ಈಜಲು ಬರುತ್ತಿತ್ತಾ ಅಪ್ಪ ಎಂದು ಮಗಳು ಕೇಳುತ್ತಾಳೆ, ಮುದುಕ ಉತ್ತರ ಹೇಳುವುದಿಲ್ಲ. ಅಲ್ಲಿ ಹನಿ ಬೀಳುತ್ತಿತ್ತು. ಅಕ್ಕ ಅದನ್ನು ಹತ್ತಾರು ಸಲ ಹಾಕಿ ನೋಡಿದಳು. ಕೊನೆಗೊಮ್ಮೆ ತಲೆಯಾಡಿಸಿದಳು, ತನಗೆ ತಾನೇ.

ಜೋಡಣೆಯ ದಿನ ನನ್ನನ್ನೂ ಕರೆದುಕೊಂಡು ಹೋದಳು. ಯಾವ ಫೈಲು ಎಷ್ಟನೆಯದು ಎಂಬುದು ನನಗೆ ಬಾಯಿಪಾಠವಾಗಿತ್ತು. ಥಿಯೇಟರಿನ ಒಳಗೆ ಗೋಡೆಗೆಲ್ಲ ಬೂದು ಬಣ್ಣದ ಮೆತ್ತೆ. ಇಂಥ ಕೋಣೆಗಳ ನಿಶ್ಶಬ್ದ ನನಗೆ ಹಿಡಿಸುವುದಿಲ್ಲ ಎಂಬುದು ಅಲ್ಲಿ ಗೊತ್ತಾಯಿತು, ಒಳಗೆ ಯಾರೂ ಬದುಕಿಲ್ಲದಂತಿತ್ತು. ನಿರ್ದೇಶಕರು ನಡುವಿನ ಕುರ್ಚಿಯಲ್ಲಿ ಕೂತರು. ಡಿಸ್ಕಿನ ತಾಪತ್ರಯ ಬಗೆಹರಿಯಿತೇ ಎಂದು ಕೇಳಿದರು. ಬಗೆಹರಿಯಿತು ಎಂದಳು ಅಕ್ಕ. ಹನ್ನೊಂದು ನಿಮಿಷ ಓಡಿಸಿದರು.

ನಾನು ಪರದೆ ನೋಡಲಿಲ್ಲ. ಅಕ್ಕನ ಕೈ ನೋಡುತ್ತಿದ್ದೆ. ಪ್ರತಿ ತೂತು ಬಂದಾಗಲೂ ಅವಳ ಹೆಬ್ಬೆರಳು ಬೆರಳುಗಳ ಒಳಗೆ ಮಡಿಸಿಕೊಳ್ಳುತ್ತಿತ್ತು. ಹನಿ ಬಿದ್ದಾಗ ಮಾತ್ರ ಕೈ ಬಿಚ್ಚಿತು.

ಮುಗಿದ ಮೇಲೂ ನಿರ್ದೇಶಕರು ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ ನಮ್ಮ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದರು. ಆ ಜಾಗದ ಮೌನ ಪೂರ್ತಿ ಬಂದಿದೆ ಎಂದರು. ಆ ಹಳೆಯ ಕಟ್ಟಡದ ಒದ್ದೆ ತಮ್ಮ ಮೈಗೇ ತಾಗಿತು ಎಂದರು. ಇದನ್ನು ಬೇರೆ ಎಲ್ಲಿಯೂ ಹುಟ್ಟಿಸಲು ಸಾಧ್ಯವಿಲ್ಲ, ನೀವು ಯಾವಾಗಲೂ ಹೇಳುವುದು ಈಗ ಅರ್ಥವಾಯಿತು ಎಂದರು. ಮುಂದಿನ ಸಿನಿಮಾಕ್ಕೂ ನೀವೇ ಎಂದರು. ಅಕ್ಕ ತಲೆಯಾಡಿಸುತ್ತಿದ್ದಳು.

"ಒಂದೇ ಒಂದು ಕಡೆ ಮೇಡಂ," ಎಂದರು ಆಮೇಲೆ. "ಈಜಕ್ಕೆ ಬರ್ತಿತ್ತಾ ಅಂತ ಕೇಳ್ತಾಳಲ್ಲ, ಅಲ್ಲಿ. ಏನೋ ತೊಟ್ಟಿಕ್ಕುತ್ತೆ. ಜಾಗನೇ ಬೇರೆ ಅನ್ಸುತ್ತೆ. ಅದು ಈಜುಕೊಳದ್ದಲ್ಲ ಅಲ್ವಾ?"

ನಾನು ಬಾಯಿ ತೆರೆದೆ. ಅಕ್ಕ ನನ್ನ ಕಡೆ ನೋಡದೆಯೇ ನನ್ನ ಪಾದದ ಮೇಲೆ ಪಾದ ಇಟ್ಟಳು.

"ಅಲ್ಲ ಸಾರ್," ಎಂದಳು. "ಎಲ್ಲಿಂದಲೋ ಸೇರ್ಕೊಂಡಿದೆ."

"ತೆಗೆದುಬಿಡಿ."

ಅವಳು ತೆಗೆದಳು. ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಆ ಜಾಗಕ್ಕೆ ೨೮೮ರ ಒಂಬತ್ತು ಸೆಕೆಂಡು ಇಟ್ಟು ಮತ್ತೆ ಓಡಿಸಿದಳು. ಮಗಳು ಕೇಳಿದಳು, ಮುದುಕ ಉತ್ತರ ಹೇಳಲಿಲ್ಲ, ಎಲ್ಲಿಯೂ ಏನೂ ತೊಟ್ಟಿಕ್ಕಲಿಲ್ಲ. ಈಗ ಸರಿಯಾಯಿತು ನೋಡಿ ಎಂದು ನಿರ್ದೇಶಕರು ಎದ್ದು ಅಕ್ಕನ ಕೈ ಕುಲುಕಿದರು. ನನ್ನದನ್ನೂ ಕುಲುಕಿದರು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಕ್ಕ ಕಿಟಕಿಯ ಕಡೆ ಕೂತಳು. ಕೆಲಸ ಉಳಿಯಿತು ಎಂದು ಅಮ್ಮನಿಗೆ ಫೋನ್ ಮಾಡಿ ಹೇಳಿದಳು, ಸಂತೋಷವಾಗಿರುವವರ ದನಿಯಲ್ಲೇ. ಫೋನು ಇಟ್ಟ ಮೇಲೆ ಮೂರು ನಿಲ್ದಾಣ ಕಳೆದವು.

"ಅವರಿಗೆ ಗೊತ್ತಾಗ್ಲಿಲ್ಲ," ಎಂದಳು.

"ನನಗೆ ಗೊತ್ತಾಯ್ತು."

ಅವಳು ನನ್ನ ಕಡೆ ತಿರುಗಿದಳು. ನಂಬಿದ ಹಾಗೆ ಕಾಣಲಿಲ್ಲ.

"ಎಲ್ಲಿ?"

ಹೇಗೆ ಹೇಳುವುದೆಂದು ಯೋಚಿಸಿದೆ. ಮಗಳು ಕೇಳಿದ ಮೇಲೆ, ಹನಿಯಿದ್ದಾಗ ಅಪ್ಪ ಏನೋ ಹೇಳಲು ಹೊರಟಿದ್ದಂತೆ ಇತ್ತು. ಹನಿ ಹೋದ ಮೇಲೆ ಅವನಿಗೆ ಹೇಳಲು ಏನೂ ಇರಲಿಲ್ಲ. ಈಜುಕೊಳದ ಛಾವಣಿ ಇನ್ನೂ ಎತ್ತರ ಅನ್ನಿಸಿತು ಎಂದೂ ಸೇರಿಸಿದೆ.

"ಛಾವಣಿ ಅಲ್ಲ," ಎಂದಳು ಅಕ್ಕ. "ನೆಲ. ಅಲ್ಲಿ ಕೆಳಗಡೆ ಹನ್ನೆರಡು ಅಡಿ ಆಳ ಇತ್ತು. ನಾವು ಅಂಚಲ್ಲಿ ನಿಂತಿದ್ವಿ. ಕೆಳಗಿಂದ ಬರ್ತಿತ್ತು ಅದು."

ಬಸ್ಸಿನ ಗದ್ದಲದಲ್ಲಿ ಕೆಲವು ಮಾತು ಕೇಳಿಸಲಿಲ್ಲ. ಆದರೂ ಅವಳು ಹೇಳುತ್ತಾ ಹೋದಳು. ಆ ದಿನ ಎಷ್ಟು ಜನ ಇದ್ದರು, ಯಾರು ಎಲ್ಲಿ ನಿಂತಿದ್ದರು, ಹನಿ ಬೀಳುತ್ತಿದ್ದದ್ದು ಯಾವ ಮೂಲೆಯ ನಲ್ಲಿಯಿಂದ, ಅದನ್ನು ನಿಲ್ಲಿಸಲು ಬಟ್ಟೆ ಸುತ್ತಿದರೂ ಹೇಗೆ ನಿಲ್ಲಲಿಲ್ಲ. ಆ ಒಂದು ನಿಮಿಷದ ಕೊನೆಯ ಐವತ್ತೊಂದು ಸೆಕೆಂಡಿನಲ್ಲಿ ಏನೇನಿತ್ತು ಎಂಬುದನ್ನು ಕ್ರಮವಾಗಿ ಹೇಳಿದಳು. ನಾನು ಕಿವಿಗೊಟ್ಟು ಕೇಳಿದೆ. ನಮ್ಮ ನಿಲ್ದಾಣ ದಾಟಿಹೋಗಿತ್ತು. ಇಬ್ಬರೂ ಏಳಲಿಲ್ಲ.